ಕ್ಯಾಮೆರಾ ಕಿತ್ತು ಹಾಕಿದ ಮೇಲೆ

ಮಕ್ಕಳ ಮುಖ ನೋಡದೆ ಅವರ ಭಾವನೆಯನ್ನು ಯಂತ್ರದಿಂದ ಗುರುತಿಸುತ್ತೇನೆ ಎಂದಾಗ ನಗದವರಿಲ್ಲ. ಹೆಚ್ಚು ನಕ್ಕ ಬೆಂಗಳೂರಿನ ಗೆಳೆಯನೇ ಈಗ ಫೋನ್ ಮಾಡಿ ಸೆಟ್ಟಿಂಗ್ ಕೇಳುತ್ತಾನೆ. ಅವನಿಗೆ ಹೇಳಿದಷ್ಟನ್ನು ಇಲ್ಲಿಯೂ ಹೇಳುತ್ತೇನೆ.

ದಾವಣಗೆರೆಯ ನಿಟುವಳ್ಳಿಯಲ್ಲಿ ನನ್ನ ವಾಕ್ ಚಿಕಿತ್ಸೆಯ ಕೊಠಡಿ. ಆಟಿಸಂ ಇರುವ, ಮಾತು ಕಡಿಮೆಯಿರುವ ಹದಿನಾಲ್ಕೋ ಹದಿನೈದೋ ಮಕ್ಕಳು ಬರುತ್ತಾರೆ. ಚಿತ್ರ ಒತ್ತಿ ಬೇಕಾದ್ದನ್ನು ಹೇಳುವ ಅವರ ಚಿತ್ರಹಲಗೆಯ ಟ್ಯಾಬ್ಲೆಟ್‌ಗೆ, ಮುಖ ನೋಡಿ ಭಾವನೆ ಹೇಳುವ ಕಂಪ್ಯೂಟರ್ ಮಾದರಿಯನ್ನು ಜೋಡಿಸಿದರೆ ಮಗು ಕೆರಳುವ ಮೊದಲೇ ನನಗೆ ತಿಳಿಯುತ್ತದೆ ಎಂಬ ಆಸೆಯಿತ್ತು. ಮುಖ ನೋಡಿ ಭಾವನೆ ಊಹಿಸುವ ತನ್ನ ಸೇವೆಯನ್ನು ಕೈಬಿಡುವುದಾಗಿ ಮೈಕ್ರೋಸಾಫ್ಟ್ 2022ರಲ್ಲೇ ಪ್ರಕಟಿಸಿತ್ತು. ಆದರೂ ನಾನು 2023ರಲ್ಲಿ ನಲವತ್ತೈದು ಸಾವಿರ ಸಾಲ ಮಾಡಿ ಹಳೆಯ ಲ್ಯಾಪ್‌ಟಾಪ್ ಕೊಂಡೆ!

ಎಲ್ಲರಂತೆ ನಾನೂ, ಯಂತ್ರಕ್ಕೆ ಭಾವನೆ ಕಲಿಸುವ ಫೆರ್-2013 ಎಂಬ ಚಿತ್ರಸಂಗ್ರಹದಿಂದಲೇ ಶುರು ಮಾಡಿದೆ. ಸುಮಾರು ಮೂವತ್ತಾರು ಸಾವಿರ ಪುಟ್ಟ ಕಪ್ಪುಬಿಳುಪು ಮುಖಗಳು, ಕೋಪ, ಸಂತೋಷದಂಥ ಏಳೇ ಏಳು ಹಣೆಪಟ್ಟಿ. ನೂರಕ್ಕೆ ಅರವತ್ತರ ಮೇಲೆ ಸರಿ ಬಂತೆಂದು ಬೀಗಿದೆ.

ಮೊದಲು ಕೂರಿಸಿದ್ದು ಹನ್ನೊಂದು ವರ್ಷದ ಹುಡುಗನನ್ನು. ಕಿಟಕಿಯ ಪಕ್ಕ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಎರಡೂ ಕೈ ಜೋರಾಗಿ ಬಡಿಯುತ್ತಿದ್ದ. ಪರದೆಯ ಮೇಲೆ ‘ಕೋಪ’, ನೂರಕ್ಕೆ ತೊಂಬತ್ತು. ಗಾಬರಿಯಾಗಿ ಕಿಟಕಿ ಮುಚ್ಚಿದೆ. ಹುಡುಗ ಬಿಕ್ಕಿಬಿಕ್ಕಿ ಅತ್ತ. ಅವನ ತಾಯಿ ಒಳಗೆ ಬಂದವರೇ, “ಸರ್, ಅವನು ಖುಷಿಯಾಗಿದ್ದ. ಹೊರಗೆ ಮಂಡಕ್ಕಿ ಗಾಡಿ ನಿಂತಿದೆ, ಮಿರ್ಚಿ ಎಣ್ಣೆಗೆ ಬಿಡುವ ಸದ್ದೆಂದರೆ ಅವನಿಗೆ ಪ್ರಾಣ” ಎಂದರು. ಇನ್ನೊಂದು ದಿನ ಅದೇ ಹುಡುಗ ಬಾಯಿ ತುಂಬ ನಗುತ್ತಿದ್ದ. ಯಂತ್ರಕ್ಕೆ ಅದು ಸಂತೋಷ. ತಾಯಿ ನೋಡಿದ ತಕ್ಷಣ ಹಲ್ಲುನೋವು ಎಂದರು. ನಿಜವಾಗಿತ್ತು.

ನಮ್ಮ ಮಕ್ಕಳ ವಿಡಿಯೊಗಳನ್ನೇ ಕಲಿಸಿದರಾಯಿತು ಎಂದುಕೊಂಡು, ಪೋಷಕರನ್ನು ಒಪ್ಪಿಸಿ ಚಿತ್ರೀಕರಿಸಿ, ಪ್ರತಿ ತುಣುಕಿನ ಭಾವನೆಗೆ ಹೆಸರಿಡಲು ಇಬ್ಬರು ಕಾಲೇಜು ವಿದ್ಯಾರ್ಥಿಗಳಿಗೆ ಒಂಬತ್ತು ಸಾವಿರ ಕೊಟ್ಟೆ. ಅರ್ಧಕ್ಕರ್ಧ ತುಣುಕುಗಳಲ್ಲಿ ಅವರಿಬ್ಬರ ಉತ್ತರವೇ ಹೊಂದಲಿಲ್ಲ. ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ, ಆಟಿಸಂ ಇರುವವರದ್ದು ಮಾತ್ರವಲ್ಲ ಎಂದು ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲೇ ಬರೆದಿದ್ದರು. ನಾನು ಒಂಬತ್ತು ಸಾವಿರ ತೆತ್ತು ಕಲಿತೆ.

ಆಮೇಲೆ ಕ್ಯಾಮೆರಾ ಕಿತ್ತು ಹಾಕಿದೆ. ಏಳು ಹಣೆಪಟ್ಟಿಯೂ ಹೋಯಿತು. ಈಗ ನೋಡುವುದು ಮಗುವಿನ ಗುನುಗು, ನಾಡಿ, ಕೈಯ ಚಲನೆ. ಮೊದಲ ಎರಡು ವಾರ ತಾಯಿಯ ಮೊಬೈಲ್‌ನಲ್ಲಿ ಮೂರು ಗುಂಡಿ: ಚೆನ್ನಾಗಿದೆ, ಬೇಡ ಎನ್ನುತ್ತಿದೆ, ಗೊತ್ತಿಲ್ಲ. ‘ಗೊತ್ತಿಲ್ಲ’ವನ್ನು ಎಸೆಯಬೇಡಿ, ಯಂತ್ರ ಬಾಯಿ ಮುಚ್ಚಿಕೊಂಡಿರಲು ಕಲಿಯುವುದು ಅದರಿಂದಲೇ. ಮಗುವನ್ನು ಅದರ ನಿನ್ನೆ ಮೊನ್ನೆಗಳ ಜೊತೆಗೆ ಹೋಲಿಸಿ, ‘ಎಂದಿನಂತಿಲ್ಲ’ ಎನ್ನುವುದಷ್ಟೇ ಅದರ ಕೆಲಸ. ಆಗ ಹಲಗೆಯ ಮೇಲೆ ‘ಸಾಕು’, ‘ಇನ್ನೂ ಬೇಕು’ ಎಂಬ ಎರಡು ಚಿತ್ರ ಮೂಡುತ್ತವೆ. ಮಗು ಒತ್ತಿದ್ದೇ ಅಂತಿಮ. ತಾಯಿ ಗುಂಡಿ ಒತ್ತಿ ಹೇಳಿದ್ದನ್ನೂ ಅದು ಅಳಿಸುತ್ತದೆ.

ಗುನುಗಿನಿಂದ ಫ್ಯಾನಿನ ಸದ್ದನ್ನು ಬೇರೆ ಮಾಡಿದ್ದು ಹೇಗೆಂದು ಮಾತ್ರ ಕೇಳಬೇಡಿ. ಮೂರು ತಿಂಗಳ ನಿದ್ದೆ ಅದಕ್ಕೆ ಹೋಗಿದೆ.

ನಾಡಿ ಅಳೆಯುವ ಕೈಪಟ್ಟಿಯನ್ನು ಐದು ಮಕ್ಕಳು ಕಿತ್ತೆಸೆದರು. ದರ್ಜಿಯೊಬ್ಬರು ಅದನ್ನು ತೋಳಿನ ಮಡಿಕೆಯೊಳಗೆ ಹೊಲಿದುಕೊಟ್ಟರು, ಅಂಗಿಗೆ ಅರವತ್ತು ರೂಪಾಯಿ. ಈ ನಡುವೆ ಕುರ್ಚಿಯ ಕೆಳಗೆ ತೂಕದ ಸೆನ್ಸರ್ ಇಟ್ಟು ಚಡಪಡಿಕೆ ಅಳೆಯಲು ಹೋದೆ. ಒಂದು ತಿಂಗಳ ಅಂಕಿ ಕೂಡಿಸಿ ನೋಡಿದರೆ, ಕುರ್ಚಿಯ ಒಂದು ಕಾಲು ಗಿಡ್ಡವಾಗಿತ್ತು!

ಮೊದಲು ಹತ್ತು ಎಚ್ಚರಿಕೆಯಲ್ಲಿ ಆರೇಳು ಸುಳ್ಳು, ಈಗ ಎರಡು, ಹೆಚ್ಚೆಂದರೆ ಮೂರು. ಹಾಳು ಮಾಡಿದ್ದೆಲ್ಲ ಸೇರಿ ಒಂದು ಲಕ್ಷದ ಹತ್ತಿರ ಖರ್ಚಾಗಿದೆ. ಹೊಸ ಮಗುವಿಗೆ, ಟ್ಯಾಬ್ಲೆಟ್ ಬಿಟ್ಟು, ಸಾವಿರದ ಎಂಟುನೂರು ಸಾಕು.

ಕಳೆದ ತಿಂಗಳು ಒಂದು ಶಾಲೆಯವರು ಬಂದು, ತರಗತಿಯಲ್ಲಿ ಮಕ್ಕಳ ಗಮನ ಅಳೆಯಲು ಇದನ್ನೇ ಹಾಕಿಕೊಡಿ ಎಂದರು. ಶಾಲೆಗಳಲ್ಲಿ ಭಾವನೆ ಊಹಿಸುವ ಯಂತ್ರಗಳನ್ನು ಐರೋಪ್ಯ ಒಕ್ಕೂಟ 2025ರ ಫೆಬ್ರವರಿಯಿಂದ ನಿಷೇಧಿಸಿದೆ ಎಂದೆ. ಇದು ದಾವಣಗೆರೆ ಅಲ್ಲವೇ ಎಂದು ನಕ್ಕರು. ಚಹಾ ಕುಡಿಸಿ ಕಳಿಸಿದೆ. ಅವರು ಹೇಳಿದ ಮೊತ್ತದಲ್ಲಿ ಲ್ಯಾಪ್‌ಟಾಪಿನ ಸಾಲ ತೀರುತ್ತಿತ್ತು.