ಒಂದು ಚಿಟಿಕೆ ಮರಳು, ಒಂದು ಹನಿ ವಿನೆಗರ್

ನಾನು ಮರಳು ಕೂಡಿಡಲು ಶುರುಮಾಡಿ ಎಂಟು ವರ್ಷವಾಯಿತು. ಇದಕ್ಕೆ ಜಾಸ್ತಿ ಖರ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಒಂದು ಅಯಸ್ಕಾಂತ, ಸ್ವಲ್ಪ ವಿನೆಗರ್, ಒಂದು ಕಪ್ಪು ಹಾಳೆ, ಅಷ್ಟೇ. ಸಮುದ್ರದ ಮರಳಾದರೆ ಸಿಹಿನೀರಿನಲ್ಲಿ ಎರಡು ಮೂರು ಸಲ ತೊಳೆದು ಪೂರ್ತಿ ಒಣಗಿಸಬೇಕು. ಹಸಿಯಿದ್ದಾಗಲೇ ಮುಚ್ಚಳ ಹಾಕಿದ ನನ್ನ ಮೊದಲ ಸೀಸೆಯಲ್ಲಿ ಮರಳೆಲ್ಲ ಗಂಟು ಕಟ್ಟಿತ್ತು.

ಮೊದಲು ನೋಡಿದ್ದು ತಲಕಾಡಿನ ಮರಳು. ಗಾಜಿನ ಚೂರಿನಂಥ ಬೆಣಚುಕಲ್ಲಿನ ಕಣಗಳೇ ಹೆಚ್ಚು. ಬಂಡೆ ಸವೆಯುವಾಗ ಅದರಲ್ಲಿನ ಎಷ್ಟೋ ಖನಿಜಗಳು ನಿಧಾನವಾಗಿ ಜೇಡಿಮಣ್ಣಾಗುತ್ತವೆ. ಬೆಣಚು ಗಟ್ಟಿ, ನೀರಿಗೆ ಸುಲಭವಾಗಿ ಜಗ್ಗುವುದಿಲ್ಲ. ಹಾಗಾಗಿ ಕೊನೆಗೆ ಉಳಿಯುವುದು ಅದೇ. ವಿನೆಗರ್ ಹಾಕಿದರೂ ಏನೂ ಆಗಲಿಲ್ಲ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದಾಗ ಚಪ್ಪಲಿಗೆ ಅಂಟಿ ಬಂದ ಮರಳಿನ ತುಂಬ ಚಿಪ್ಪಿನ ಚೂರುಗಳಿದ್ದವು. ವಿನೆಗರ್ ಬಿದ್ದ ತಕ್ಷಣ ಗುಳ್ಳೆ ಎದ್ದವು. ಚಿಪ್ಪೆಂದರೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನದೇ ವಸ್ತು. ಆಸೆಗೆ ಬಿದ್ದು ಇದ್ದಷ್ಟನ್ನೂ ರಾತ್ರಿಯಿಡೀ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಚೆಂದದ ಚೂರುಗಳೆಲ್ಲ ಕರಗಿಹೋಗಿದ್ದವು. ತುಂಬ ಬೇಜಾರಾಯಿತು. ಅಂದಿನಿಂದ ಪರೀಕ್ಷೆಗೆ ಹತ್ತೇ ಕಣ.

ನನಗೆ ತುಂಬ ಇಷ್ಟವಾದದ್ದು ಕನ್ಯಾಕುಮಾರಿಯ ದಡ. ಮರಳಿನ ಮೇಲೆ ಕಪ್ಪು, ಕೆಂಪು ಪಟ್ಟೆಗಳು. ಕೆಂಪು ಪಟ್ಟೆ ಗಾರ್ನೆಟ್ ಅನ್ನೋ ಖನಿಜ, ಕಪ್ಪಿನಲ್ಲಿ ಹೆಚ್ಚಿನದು ಕಬ್ಬಿಣದ ಅಂಶವಿರುವ ಇಲ್ಮನೈಟ್ ಅನ್ನೋ ಖನಿಜ. ಬೆಣಚು ನೀರಿಗಿಂತ ಸುಮಾರು 2.65 ಪಟ್ಟು ಭಾರ, ಇಲ್ಮನೈಟ್ 4.7 ಪಟ್ಟು. ಮೊರದಲ್ಲಿ ಕೇರಿದಾಗ ಹೊಟ್ಟು ಹಾರಿ ಕಾಳು ಉಳಿಯುತ್ತದಲ್ವಾ, ಹಾಗೆ ಅಲೆ ಹಗುರವಾದದ್ದನ್ನು ಒಯ್ದು ಭಾರದ್ದನ್ನು ಬಿಡುತ್ತದೆ. ಹಳೇ ಹಾರ್ಡ್ ಡಿಸ್ಕಿನಿಂದ ಬಿಚ್ಚಿದ ಬಲವಾದ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹಿಡಿದೆ. ಕಪ್ಪು ಕಣಗಳು ಅಂಟಿಕೊಂಡವು. ಕವರ್ ಇಲ್ಲದಿದ್ದರೆ ಅವನ್ನು ಬಿಡಿಸುವುದು ಕಷ್ಟ. ಆ ಮರಳನ್ನು ಅಲ್ಲೇ ನೋಡಿ ಅಲ್ಲೇ ಬಿಟ್ಟು ಬಂದೆ.

ಹವಾಯಿಯ ಪಾಪಕೋಲಿಯಾದಲ್ಲಿ ಹಸಿರು ಮರಳಿದೆ. ಜ್ವಾಲಾಮುಖಿಯ ಕಲ್ಲಿನಿಂದ ಬಂದ ಆಲಿವಿನ್ ಅನ್ನೋ ಹಸಿರು ಖನಿಜ ಅದು. ಅಲ್ಲಿಂದ ಮರಳು ತರಬಾರದು, ಹಾಗಾಗಿ ನನ್ನ ಹತ್ತಿರ ಫೋಟೋ ಮಾತ್ರ ಇದೆ.

ಜಪಾನಿನ ಓಕಿನಾವಾ ಕಡೆಯ ನಕ್ಷತ್ರ ಮರಳನ್ನು ಗೆಳೆಯನೊಬ್ಬ ಅಲ್ಲಿನ ಅಂಗಡಿಯಲ್ಲಿ ಕೊಂಡು ತಂದುಕೊಟ್ಟ. ಒಂದೊಂದು ಕಣವೂ ಪುಟಾಣಿ ನಕ್ಷತ್ರ. ಸಮುದ್ರದಲ್ಲಿ ಬದುಕಿದ್ದ ಒಂದೇ ಕೋಶದ ಜೀವಿಗಳ ಚಿಪ್ಪುಗಳವು. ಅದೂ ಕ್ಯಾಲ್ಸಿಯಂ ಕಾರ್ಬೊನೇಟೇ, ವಿನೆಗರ್ ಬಿದ್ದರೆ ಕರಗುತ್ತದೆ. ಅದರ ಒಂದು ಕಣಕ್ಕೂ ನಾನು ವಿನೆಗರ್ ತಾಗಿಸಿಲ್ಲ.