ಹಳೇ ಗಡಿಯಾರದ ಸ್ಪ್ರಿಂಗ್‌ನಲ್ಲಿ ತೊಬಿಕನ್ನ: ನನ್ನ ಅನುಭವ

ತೊಬಿಕನ್ನ ಅಂದರೆ ಚಕ್ರದ ಮೇಲೆ ತಿರುಗುವ ಹಸಿ ಪಾತ್ರೆಗೆ ಬಾಗುವ ಉಳಿ ತಾಗಿಸಿ, ಅದು ಕುಣಿದಂತೆ ಸಾಲು ಗುರುತು ಮೂಡಿಸುವ ಜಪಾನಿನ ಕುಂಬಾರಿಕೆಯ ಕಲೆ. ಕುಂಬಾರರ ಹಳ್ಳಿ ಒಂತದ ಮಣ್ಣು ಬೇಕು, ಕಾಲಿನಲ್ಲಿ ಒದ್ದು ತಿರುಗಿಸುವ ಚಕ್ರ ಬೇಕು, ಇಲ್ಲದಿದ್ದರೆ ತೊಬಿಕನ್ನ ಬರುವುದಿಲ್ಲ. ಫುಕುವೊಕಾದ ನಮ್ಮ ಬಾಡಿಗೆ ಸ್ಟುಡಿಯೋದಲ್ಲಿ ಎಲ್ಲರದೂ ಇದೇ ಮಾತು. ನಾನು ಒಪ್ಪಲಿಲ್ಲ. ಒಂತಕ್ಕೆ 1705ರಲ್ಲಿ ಕುಂಬಾರಿಕೆ ಹೋದದ್ದೇ ಕೊಯಿಶಿವಾರ ಅನ್ನುವ ಇನ್ನೊಂದು ಕುಂಬಾರರ ಊರಿನಿಂದ. ಆ ಕೊಯಿಶಿವಾರದಲ್ಲಿ ಇವತ್ತು ಕರೆಂಟಿನ ಚಕ್ರದ ಮೇಲೇ ತೊಬಿಕನ್ನ ಮಾಡ್ತಾರೆ, ಅಲ್ವಾ? ಈಗ ನನ್ನ ತಟ್ಟೆಗಳಲ್ಲೂ ಅಂಚಿನಿಂದ ನಡುವಿನವರೆಗೆ ಗುರುತು ಸಾಲಾಗಿ ಬಂದಿದೆ. ಮಣ್ಣು ಅಂಗಡಿಯ ಕೆಂಪು ಮಣ್ಣು, 20 ಕಿಲೋಗೆ ಎರಡೂವರೆ ಸಾವಿರ ಯೆನ್ ಆಸುಪಾಸು.

ಜಾಸ್ತಿ ದುಡ್ಡು ತಿಂದದ್ದು ಉಳಿ. ಗರಗಸದ ಬ್ಲೇಡ್ ಬಗ್ಗಿಸಿ ನೋಡಿದೆ, ತುಂಬಾ ಬಿರುಸು, ಕುಣಿಯಲೇ ಇಲ್ಲ, ಬರೀ ಗೆರೆ ಎಳೆಯಿತು. ಪೆಟ್ಟಿಗೆಗೆ ಬಿಗಿಯುವ ಉಕ್ಕಿನ ಪಟ್ಟಿ ಚೆನ್ನಾಗಿ ಕುಣಿಯಿತು. ಆದರೆ ಒಂದೆರಡು ತಟ್ಟೆಯಾಗುವಷ್ಟರಲ್ಲಿ ತುದಿ ಸವೆದುಹೋಯಿತು. ಕೊನೆಗೆ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಕೀಲಿ ಕೊಡುವ ಗೋಡೆ ಗಡಿಯಾರಗಳನ್ನು ಕೊಂಡೆ, ಒಂದಕ್ಕೆ ಎರಡು ಸಾವಿರ ಯೆನ್ ಇರಬಹುದು. ಸ್ಪ್ರಿಂಗ್ ಬಿಚ್ಚುವಾಗ ದಪ್ಪ ಗ್ಲೌಸ್ ಹಾಕಿಕೊಳ್ಳಿ, ಚಿಮ್ಮಿದರೆ ಕೈ ಸೀಳುತ್ತದೆ. ಬಗ್ಗಿಸಲು ತುದಿಯನ್ನಷ್ಟೇ ಕೆಂಪಗೆ ಕಾಯಿಸಬೇಕು. ಬಿಸಿ ಹಿಂದಕ್ಕೆ ಹರಿದರೆ ಪಟ್ಟಿಯ ಜೀವವೇ ಹೋಗುತ್ತದೆ. ತುದಿಯನ್ನು ಎಷ್ಟು ಬಗ್ಗಿಸಿದೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಮಿಕ್ಕದ್ದೆಲ್ಲ ಹದ. ಸ್ಲಿಪ್, ಅಂದರೆ ಪಾತ್ರೆಗೆ ಬಳಿಯುವ ಬಿಳಿ ಮಣ್ಣಿನ ನೀರು, ನೀರುದೋಸೆ ಹಿಟ್ಟಿಗಿಂತ ಒಂಚೂರು ದಪ್ಪ ಇರಲಿ. ಬರೀ ಕೆಯೋಲಿನ್ (ಬಿಳಿ ಜೇಡಿಮಣ್ಣು) ಬಳಿದಾಗ ಒಣಗುತ್ತಲೇ ಹಪ್ಪಳೆ ಎದ್ದಿತು. ಅಂಟು ಜಾಸ್ತಿಯಿರುವ ಬಾಲ್ ಕ್ಲೇ ಮಣ್ಣು ಸೇರಿಸಿದ ಮೇಲೆ ಕಚ್ಚಿಕೊಂಡಿತು. ಪ್ರಮಾಣ ನಿಮ್ಮ ಮಣ್ಣು ನೋಡಿ ನೀವೇ ಹುಡುಕಿಕೊಳ್ಳಬೇಕು. ಬಿಳಿಯ ಹೊಳಪು ಹೋಗಿ ಮಂಕಾಗಬೇಕು, ಬೆರಳಿಟ್ಟರೆ ಅಂಟಬಾರದು, ಉಗುರು ಮಾತ್ರ ಇಳಿಯಬೇಕು. ಅದಕ್ಕಿಂತ ಹಸಿಯಿದ್ದರೆ ಉಳಿ ಮಣ್ಣನ್ನು ಎಳೆದುಕೊಂಡು ಹೋಗುತ್ತದೆ, ಒಣಗಿದರೆ ಬಿಳಿ ಚಕ್ಕೆ ಚಕ್ಕೆಯಾಗಿ ಹಾರುತ್ತದೆ. ಮಳೆಗಾಲದ ಜೂನ್‌ನಲ್ಲಿ ಈ ಹದಕ್ಕೆ ಅರ್ಧ ದಿನ ಕಾದರೂ ಸಾಲದು.

ಚಕ್ರ ನಿಮಿಷಕ್ಕೆ 60-70 ಸುತ್ತು. ಉಳಿಯನ್ನು ಸಡಿಲವಾಗಿ ಹಿಡಿದು ಸುಮ್ನೆ ತಾಗಿಸಿ, ಒತ್ತಬೇಡಿ. ಟರ್ರ್ ಅಂತ ಒಂದೇ ಸಮ ಸದ್ದು ಬಂದರೆ ಗುರುತು ಬೀಳುತ್ತಿದೆ ಅಂತ ಅರ್ಥ. ನಡುವಿಗೆ ಬರುತ್ತಾ ಉಳಿಯ ಕೆಳಗೆ ಮಣ್ಣು ನಿಧಾನವಾಗುತ್ತದೆ, ಗುರುತುಗಳು ಒಂದರ ಮೇಲೊಂದು ಬೀಳುತ್ತವೆ. ಆಗ ಪೆಡಲ್ ಒತ್ತಿ ವೇಗ ಏರಿಸುತ್ತಾ ಹೋಗಬೇಕು. ನನ್ನ ತಟ್ಟೆಯ ನಡುಭಾಗ ನೋಡಿ ಸ್ಟುಡಿಯೋದ ಹಿರಿಯರೊಬ್ಬರು ಯಾವ ಊರಲ್ಲಿ ಕಲಿತೆ ಅಂತ ಕೇಳಿದರು.

ನಡುವೆ ಒಂದಿಷ್ಟು ಉಲ್ಟಾ ಮಾಡಿದೆ: ಬಿಳಿ ಮಣ್ಣಿನ ಮೇಲೆ ಕಬ್ಬಿಣದ ಅಂಶದ ಕಪ್ಪು ಸ್ಲಿಪ್. ಕಪ್ಪಿನೊಳಗಿಂದ ಬಿಳಿ ಗುರುತು ಇಣುಕುತ್ತದೆ, ಸಾರಿನ ಬಟ್ಟಲಿಗೆ ಬಲು ಚೆಂದ. ಉಚಿ-ಹಕೆಮೆ ಅನ್ನುವ ಬ್ರಷ್ ಅಲಂಕಾರವನ್ನೂ ಮಾಡಿದೆ. ಹಸಿ ಸ್ಲಿಪ್ ಮೇಲೆ ಅಗಲ ಬ್ರಷ್‌ನಿಂದ ತಟ್ಟುತ್ತಾ ಹೋಗುವುದು. ಅದು ಬೇಗ ಒಲಿಯಿತು.

ಒಂತದಲ್ಲಿ ಸುಡದ ಪಾತ್ರೆಗೇ ಗ್ಲೇಜ್ (ಗಾಜಿನಂಥ ಲೇಪ) ಹಾಕಿ ಒಂದೇ ಸಲ ಸುಡುತ್ತಾರೆ. ನಮ್ಮ ಸ್ಟುಡಿಯೋದಲ್ಲಿ ಬಿಸ್ಕ್, ಅಂದರೆ ಗ್ಲೇಜ್‌ಗೆ ಮುಂಚೆ ಒಮ್ಮೆ ಸುಡುವುದು, ಕಡ್ಡಾಯ, ಹಾಗಾಗಿ ಗೂಡಿನ ಬಾಡಿಗೆ ಎರಡು ಸಲ. ತಿಳಿ ಗ್ಲೇಜ್ ಹಾಕಿ 1230 ಡಿಗ್ರಿಗೆ ಸುಟ್ಟೆ. ಎಲ್ಲ ಸೇರಿ ತಟ್ಟೆಗೆ ಸಾವಿರ ಯೆನ್ ಮೇಲೇ ಬಿತ್ತು. ಮೂರು ಸಾವಿರಕ್ಕೆ ಇಟ್ಟಿದ್ದವು ಖಾಲಿಯಾಗಿವೆ. ಈಗ ಅಡಿಗಿಂತ ಅಗಲದ ತಟ್ಟೆ ಶುರು ಮಾಡಿದ್ದೇನೆ, ಅದಕ್ಕೆ ಇನ್ನೂ ಉದ್ದದ ಸ್ಪ್ರಿಂಗ್ ಹುಡುಕುತ್ತಿದ್ದೇನೆ.