ಲಿಬ್ರೆಆಫೀಸಿಗೆ ಕನ್ನಡ ಪದಕೋಶ: ಹುಡುಕುವುದು ಹೇಗೆ, ಕಟ್ಟುವುದು ಹೇಗೆ?

ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ‘ಆಶೀರ್ವಚನ’ವು ‘ಆರ್ಶೀವಚನ’ವಾಗಿ, ‘ಉದ್ಘಾಟನೆ’ಯು ‘ಉದ್ಗಾಟನೆ’ಯಾಗಿ ಅಚ್ಚಾಗಿ ಮನೆಮನೆಗೆ ತಲುಪುವುದು ಉಡುಪಿ, ಮಂಗಳೂರಿನ ಕಡೆ ಯಾರಿಗೂ ಹೊಸತಲ್ಲ. ಇಂಥ ತಪ್ಪುಗಳಡಿ ಕೆಂಪು ಗೆರೆ ಎಳೆದು ತೋರಿಸುವ ವ್ಯವಸ್ಥೆ ಉಚಿತವಾಗಿ ಸಿಗುವ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲೇ ಇದೆ. ಆದರೆ ಕನ್ನಡದ ಪದಕೋಶವನ್ನು ಅದಕ್ಕೆ ಒದಗಿಸದಿದ್ದರೆ ಗೆರೆ ಮೂಡುವುದಿಲ್ಲ, ಬರೆದವರು ಎಲ್ಲವೂ ಸರಿಯಾಗಿದೆ ಎಂದೇ ಭಾವಿಸುತ್ತಾರೆ.

ಎಲ್ಲಕ್ಕಿಂತ ಮೊದಲು ನಿಮ್ಮ ಬರಹ ಯುನಿಕೋಡ್‌ನಲ್ಲಿದೆಯೇ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತವಿರುವ ಜಾಗತಿಕ ಪದ್ಧತಿ ಇದು) ಎಂದು ನೋಡಿಕೊಳ್ಳಬೇಕು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತ ಪರದೆಯ ಮೇಲೆ ಕನ್ನಡವಾಗಿ ಕಂಡರೂ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳು. ಫಾಂಟನ್ನು ಬದಲಿಸಿದೊಡನೆ ಅರ್ಥವಿಲ್ಲದ ಅಕ್ಷರಗಳು ಕಂಡರೆ ಅದು ಹಳೆಯ ಬಗೆಯ ಕಡತವೆಂದೇ ತಿಳಿಯಬೇಕು. ಅಂಥದ್ದನ್ನು ಪರಿವರ್ತಕದ ಮೂಲಕ ಯುನಿಕೋಡ್‌ಗೆ ತಂದ ನಂತರವೇ ಮುಂದಿನ ಕೆಲಸ.

ಬಳಿಕ ಟೂಲ್ಸ್ ಪಟ್ಟಿಯ ಆಪ್ಶನ್ಸ್ ತೆರೆದು, ‘ಲ್ಯಾಂಗ್ವೇಜಸ್ ಆಂಡ್ ಲೊಕೇಲ್ಸ್’ ವಿಭಾಗಕ್ಕೆ (ಹಳೆಯ ಆವೃತ್ತಿಗಳಲ್ಲಿ ಇದರ ಹೆಸರು ‘ಲ್ಯಾಂಗ್ವೇಜ್ ಸೆಟ್ಟಿಂಗ್ಸ್’) ಹೋಗಿ, ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬಲ್ಲಿ ಕನ್ನಡವನ್ನು ಆರಿಸಬೇಕು. ಭಾರತೀಯ ಲಿಪಿಗಳೆಲ್ಲ ಈ ಗುಂಪಿಗೆ ಸೇರುತ್ತವೆ. ಪಾಶ್ಚಾತ್ಯ ಭಾಷೆಗಳ ಸಾಲಿನಲ್ಲಿ ಕನ್ನಡವನ್ನು ಹುಡುಕಿ ಸೋತವರು ಅನೇಕರಿದ್ದಾರೆ, ನಾನೂ ಅವರಲ್ಲೊಬ್ಬ. ಪಟ್ಟಿಯಲ್ಲಿ ಭಾಷೆಯ ಹೆಸರಿನ ಪಕ್ಕ ಸಣ್ಣ ಗುರುತೊಂದು ಕಂಡರೆ ಅದರ ಪದಕೋಶ ಈಗಾಗಲೇ ಇದೆ ಎಂದರ್ಥ.

ಗುರುತು ಕಾಣದಿದ್ದರೆ ಲಿಬ್ರೆಆಫೀಸಿನ ವಿಸ್ತರಣೆಗಳ ತಾಣದಲ್ಲಿ ಕನ್ನಡ ಪದಕೋಶವನ್ನು ಹುಡುಕಿ, ಟೂಲ್ಸ್ ಪಟ್ಟಿಯ ಎಕ್ಸ್‌ಟೆನ್ಶನ್ ವಿಭಾಗದ ಮೂಲಕ ಸೇರಿಸಿಕೊಳ್ಳಬಹುದು. ಫೆಡೋರಾ ಲಿನಕ್ಸ್ ಬಳಸುವವರಿಗೆ ‘ಹನ್‌ಸ್ಪೆಲ್-ಕೆಎನ್’ ಎಂಬ ಪೊಟ್ಟಣ ಸಿಗುತ್ತದೆ. ಹನ್‌ಸ್ಪೆಲ್ ಎಂಬುದು ಲಿಬ್ರೆಆಫೀಸಿನಲ್ಲಿ ಕಾಗುಣಿತ ಪರೀಕ್ಷಿಸುವ ತಂತ್ರಾಂಶ. ಫೈರ್‌ಫಾಕ್ಸ್ ಬ್ರೌಸರ್ ಬಳಸುವುದೂ ಇದೇ ಹನ್‌ಸ್ಪೆಲ್ ತಂತ್ರವನ್ನಾದ್ದರಿಂದ, ಅದಕ್ಕೆಂದು ಮಾಡಿದ ಪದಕೋಶದ ಒಳಗಿನ ಕಡತಗಳು ಇಲ್ಲಿಯೂ ಉಪಯೋಗಕ್ಕೆ ಬರುತ್ತವೆ.

ಸಿಕ್ಕಿದ ಪದಕೋಶವನ್ನು ಕಣ್ಣುಮುಚ್ಚಿ ನಂಬಬಾರದು. ‘ಮರ’ ಎಂದು ಬರೆದು ನೋಡುವುದು ಪರೀಕ್ಷೆಯೇ ಅಲ್ಲ. ‘ಮರದಲ್ಲಿ’, ‘ಊರಿನಿಂದ’, ‘ಮನೆಗಳಿಗೂ’ ಎಂದು ಬರೆದು ನೋಡಬೇಕು. ಇವುಗಳಡಿ ಕೆಂಪು ಗೆರೆ ಮೂಡಿದರೆ ಆ ಪದಕೋಶದಲ್ಲಿರುವುದು ಬರೀ ಪದಗಳ ಪಟ್ಟಿ, ವಿಭಕ್ತಿಯ ನಿಯಮಗಳಲ್ಲ. ಕನ್ನಡಕ್ಕೆ ಈ ವ್ಯತ್ಯಾಸವೇ ಜೀವಾಳ, ಏಕೆಂದರೆ ನಮ್ಮ ಒಂದು ನಾಮಪದಕ್ಕೆ ವಚನ, ವಿಭಕ್ತಿ, ‘ಊ’ಕಾರ, ‘ಏ’ಕಾರಗಳು ಸೇರಿ ಹತ್ತಾರು ರೂಪಗಳಾಗುತ್ತವೆ, ಅಷ್ಟನ್ನೂ ಪಟ್ಟಿ ಮಾಡುತ್ತ ಕೂರುವುದು ಆಗದ ಮಾತು.

ನಿಯಮಗಳಿರುವ ಪದಕೋಶ ಸಿಕ್ಕಿದವರಿಗೆ ಸುಲಭದ ದಾರಿಯೊಂದಿದೆ. ಆಪ್ಶನ್ಸ್‌ನ ‘ರೈಟಿಂಗ್ ಏಡ್ಸ್’ ಪುಟದಲ್ಲಿ ಬಳಕೆದಾರರ ಪದಕೋಶವೊಂದನ್ನು ಹೊಸದಾಗಿ ಮಾಡಿ, ಅದರ ಭಾಷೆಯನ್ನು ಕನ್ನಡವೆಂದು ನಿಗದಿಪಡಿಸಬೇಕು. 2018ರಲ್ಲಿ ಬಂದ 6.0 ಆವೃತ್ತಿಯಿಂದೀಚೆಗೆ ಇಲ್ಲಿ ‘ಗ್ರಾಮರ್ ಬೈ’ ಎಂಬ ಖಾನೆ ಇದೆ. ‘ಪತ್ರೊಡೆ’ ಎಂದು ಸೇರಿಸಿ ಆ ಖಾನೆಯಲ್ಲಿ ‘ಮನೆ’ ಎಂದು ಬರೆದರೆ, ‘ಮನೆ’ಯಂತೆಯೇ ‘ಪತ್ರೊಡೆ’ಗೂ ರೂಪಗಳು ನಡೆಯುತ್ತವೆ. ‘ಕಂಬಳ’ಕ್ಕೆ ‘ಮರ’ವನ್ನು, ‘ಗುತ್ತು’ (ತುಳುನಾಡಿನ ಹಿರಿಯ ಮನೆತನದ ಮನೆ) ಶಬ್ದಕ್ಕೆ ‘ಊರು’ ಶಬ್ದವನ್ನು ಮಾದರಿಯಾಗಿ ಕೊಡಬಹುದು. (‘ಗುತ್ತಿಗೆ ಹೋದೆ’, ‘ಗುತ್ತಿಗೆ ಪಡೆದೆ’ ಎಂಬುವುಗಳ ಅರ್ಥವ್ಯತ್ಯಾಸ ಮಾತ್ರ ಯಾವ ಪದಕೋಶಕ್ಕೂ ತಿಳಿಯದು.) ದೇವಸ್ಥಾನದ ಕಚೇರಿಗೋ ಯಕ್ಷಗಾನ ಸಂಘಕ್ಕೋ ಇಷ್ಟೇ ಸಾಕು.

ಸ್ವಂತ ಪದಕೋಶ ಕಟ್ಟಬೇಕೆನ್ನುವವರಿಗೆ ಬೇಕಾಗುವುದು ಎರಡು ಸಾದಾ ಪಠ್ಯ ಕಡತಗಳು. ‘ಡಿಕ್’ ಎಂದು ಕೊನೆಗೊಳ್ಳುವ ಕಡತದಲ್ಲಿ ಪದಗಳು, ‘ಎಎಫ್‌ಎಫ್’ ಎಂದು ಕೊನೆಗೊಳ್ಳುವುದರಲ್ಲಿ ಪ್ರತ್ಯಯಗಳ ನಿಯಮಗಳು. ಹನ್‌ಸ್ಪೆಲ್ ಅನ್ನು ಬರೆದ ಲಾಸ್ಲೋ ನೇಮೆತ್ ಹಂಗೇರಿಯವರು. ಅವರ ಭಾಷೆಯೂ ಕನ್ನಡದಂತೆ ಪ್ರತ್ಯಯದ ಮೇಲೆ ಪ್ರತ್ಯಯ ಹಚ್ಚಿಕೊಳ್ಳುವಂಥದ್ದು. ಅದರಿಂದ ನಮಗೆ ಲಾಭವೇ ಆಗಿದೆ.

ಡಿಕ್ ಕಡತದ ಮೊದಲ ಸಾಲಿನಲ್ಲಿ ಒಟ್ಟು ಪದಗಳ ಅಂದಾಜು ಸಂಖ್ಯೆಯನ್ನು ಬರೆದು, ನಂತರ ಸಾಲಿಗೊಂದು ಪದವನ್ನು ಈ ರೀತಿ ಕೊಡಬೇಕು:

ಮರ/1
ಹುಡುಗ/2
ಮನೆ/3
ಊರು/4
ಗುರು/5

ಓರೆಗೆರೆಯ ನಂತರದ ಅಂಕಿ ಆ ಪದ ಯಾವ ಗುಂಪಿನದ್ದೆಂದು ಹೇಳುತ್ತದೆ. ‘ಮರ’, ‘ಹುಡುಗ’ ಎರಡೂ ಅಕಾರಾಂತಗಳೇ, ಆದರೆ ‘ಮರವನ್ನು’ ಎನ್ನುವಂತೆ ‘ಹುಡುಗವನ್ನು’ ಎನ್ನಲಾಗದು. ‘ಊರಿಗೆ’ ಎನ್ನುವ ನಾವು ‘ಗುರಿಗೆ’ ಎನ್ನುವುದಿಲ್ಲ, ‘ಗುರುವಿಗೆ’ ಎನ್ನುತ್ತೇವೆ. ಆದ್ದರಿಂದ ಕೊನೆಯ ಅಕ್ಷರವನ್ನು ನೋಡಿ ಯಂತ್ರದಿಂದಲೇ ಗುಂಪು ಮಾಡಿಸುವ ಆಸೆಯನ್ನು ಬಿಟ್ಟು, ಪ್ರತಿ ಪದಕ್ಕೂ ಕೈಯಾರೆ ಅಂಕಿ ಹಾಕಬೇಕು. ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿಯುವುದೂ, ನನಗೆ ಅತ್ಯಂತ ಪ್ರಿಯವಾದುದೂ ಇದೇ ಭಾಗ. ಶಾಲೆಯಲ್ಲಿ ಕಲಿತ ವ್ಯಾಕರಣ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

ನಿಯಮದ ಕಡತವನ್ನು ‘ಸೆಟ್ ಯುಟಿಎಫ್-8’, ‘ಫ್ಲ್ಯಾಗ್ ನಮ್’ ಎಂಬ ಎರಡು ಸಾಲುಗಳಿಂದ ಆರಂಭಿಸಬೇಕು. ಇವನ್ನೂ ಮುಂದಿನ ಆಜ್ಞೆಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಬೇಕು. ‘ನಮ್’ (ಇಂಗ್ಲಿಷಿನ ‘ನಂಬರ್’ ಪದದ ಮೊದಲ ಮೂರು ಅಕ್ಷರ) ಎಂಬುದೊಂದು ಮಾತ್ರ ಸಣ್ಣ ಅಕ್ಷರಗಳಲ್ಲಿ, ಉಳಿದವು ದೊಡ್ಡ ಅಕ್ಷರಗಳಲ್ಲಿ. ಮೊದಲ ಗುಂಪಿನ ನಿಯಮ ಹೀಗಿರುತ್ತದೆ:

ಎಸ್‌ಎಫ್‌ಎಕ್ಸ್ 1 ವೈ 4
ಎಸ್‌ಎಫ್‌ಎಕ್ಸ್ 1 0 ವನ್ನು .
ಎಸ್‌ಎಫ್‌ಎಕ್ಸ್ 1 0 ಕ್ಕೆ .
ಎಸ್‌ಎಫ್‌ಎಕ್ಸ್ 1 0 ದಲ್ಲಿ .
ಎಸ್‌ಎಫ್‌ಎಕ್ಸ್ 1 0 ಗಳು .

ತಲೆಸಾಲಿನ 4 ಎಂಬುದು ಕೆಳಗಿರುವ ಸಾಲುಗಳ ಲೆಕ್ಕ. ಕೆಳಗಿನ ಸಾಲುಗಳಲ್ಲಿ ಸೊನ್ನೆ ಎಂದರೆ ಪದದಿಂದ ಏನನ್ನೂ ತೆಗೆಯಬೇಡ, ಚುಕ್ಕಿ ಎಂದರೆ ಯಾವ ಷರತ್ತೂ ಇಲ್ಲ. ‘ಊರು’ ಗುಂಪಿಗೆ ಬಂದಾಗ ಸೊನ್ನೆಯ ಜಾಗದಲ್ಲಿ ಕೊಂಬನ್ನು ಬರೆದು, ಅದರ ಮುಂದೆ ಗುಡಿಸು ಮತ್ತು ‘ಗೆ’ ಸೇರಿಸಿ ಬರೆದರೆ ‘ಊರಿಗೆ’ ಸಿದ್ಧವಾಗುತ್ತದೆ. ಯುನಿಕೋಡ್ ವ್ಯಂಜನವನ್ನೂ ಸ್ವರಚಿಹ್ನೆಯನ್ನೂ ಬೇರೆಬೇರೆಯಾಗಿ ಇಟ್ಟಿರುವುದರಿಂದಲೇ ಕೊಂಬೊಂದನ್ನೇ ಕಳಚುವುದು ಸಾಧ್ಯವಾಗಿದೆ.

ಹನ್‌ಸ್ಪೆಲ್ ಒಂದು ಪದದಿಂದ ಎರಡು ಪ್ರತ್ಯಯಗಳನ್ನಷ್ಟೇ ಬಿಡಿಸಬಲ್ಲದು. ‘ಮರಗಳಲ್ಲಿಯೂ’ ಎಂಬಲ್ಲಿ ಗಳು, ಅಲ್ಲಿ, ಊ ಎಂದು ಮೂರಿವೆ. ಆದ್ದರಿಂದ ‘ಗಳಲ್ಲಿ’ ಎಂಬುದನ್ನು ಒಂದೇ ಪ್ರತ್ಯಯವೆಂದು ಬರೆದು ಅದರ ಮುಂದೆ ‘/9’ ಎಂದು ಹಾಕಿ, ಒಂಬತ್ತನೆಯ ಗುಂಪಿನಲ್ಲಿ ‘ಯೂ’, ‘ಯೇ’ ಎಂಬುವನ್ನು ಇಡಬೇಕು. ‘ಅನ್ನಸಂತರ್ಪಣೆ’ಯಂಥ ಸಮಾಸಪದಗಳನ್ನು ಇಡಿಯಾಗಿಯೇ ಸೇರಿಸುವುದು ಒಳ್ಳೆಯದು, ಏಕೆಂದರೆ ಪದಗಳು ತಮ್ಮಷ್ಟಕ್ಕೆ ಕೂಡಿಕೊಳ್ಳಲು ಬಿಟ್ಟರೆ ತಪ್ಪು ಜೋಡಣೆಗಳೂ ಸರಿಯೆಂದು ದಾಟಿಹೋಗುತ್ತವೆ.

ತಪ್ಪು ಪದಕ್ಕೆ ಸಲಹೆಗಳು ಚೆನ್ನಾಗಿ ಬರಬೇಕಾದರೆ ನಿಯಮದ ಕಡತದ ‘ಆರ್‌ಇಪಿ’ ಸಾಲುಗಳಲ್ಲಿ ನಮ್ಮವರ ಸಾಮಾನ್ಯ ತಪ್ಪುಗಳನ್ನು ಕೊಡಬೇಕು: ‘ದ್ಗ’ಕ್ಕೆ ‘ದ್ಘ’, ‘ಆರ್ಶೀ’ಗೆ ‘ಆಶೀರ್’, ‘ಅದ್ಯ’ಕ್ಕೆ ‘ಅಧ್ಯ’. ಶ, ಷ, ಸ ಅಕ್ಷರಗಳನ್ನು ‘ಎಂಎಪಿ’ ಸಾಲಿನಲ್ಲಿ ಒಟ್ಟಿಗಿಟ್ಟರೆ ‘ವಿಷೇಶ’ ಎಂದವರಿಗೆ ‘ವಿಶೇಷ’ ಸಿಗುವ ಸಂಭವ ಹೆಚ್ಚುತ್ತದೆ.

ಕಣ್ಣಿಗೆ ಕಾಣದ ತೊಡಕುಗಳೂ ಇವೆ. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬಿಡಿ ತುಣುಕುಗಳಾಗಿಯೂ ಟೈಪಿಸಬಹುದು. ಎರಡನ್ನೂ ಒಂದೇ ಎಂದು ತಿಳಿಸಲು ‘ಐಕಾನ್‌ವಿ’ ಎಂಬ ಆಜ್ಞೆ ಇದೆ. ‘ಸಾಫ್ಟ್‌ವೇರ್’ ಪದದೊಳಗೆ ಒತ್ತಕ್ಷರವಾಗದಂತೆ ತಡೆಯುವ ಅಗೋಚರ ಅಕ್ಷರವನ್ನು ‘ಇಗ್ನೋರ್’ ಆಜ್ಞೆಯಿಂದ ಕಡೆಗಣಿಸಬಹುದಾದರೂ ನಾನದನ್ನು ಒಪ್ಪುವುದಿಲ್ಲ, ಅದಿಲ್ಲದಿದ್ದರೆ ಅಚ್ಚಿನಲ್ಲಿ ಪದದ ರೂಪವೇ ಕೆಡುತ್ತದೆ. ಅನುಸ್ವಾರದ ಬದಲು ಕನ್ನಡ ಸೊನ್ನೆಯನ್ನು ಒತ್ತುವ ಅಭ್ಯಾಸವನ್ನಂತೂ ಪದಕೋಶವೇ ಹಿಡಿದುಕೊಡುತ್ತದೆ. ಕರಡು ತಿದ್ದುವವರ ಕಣ್ಣಿಗೆ ಅದು ಕಾಣುವುದು ಕಷ್ಟ.

ಪದಗಳನ್ನು ಎಲ್ಲಿಂದ ತರುವುದು? ಫರ್ಡಿನಾಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲೇ ಅಚ್ಚಾದದ್ದು. ಅದರ ಹಕ್ಕುಸ್ವಾಮ್ಯದ ಅವಧಿ ಎಂದೋ ಮುಗಿದಿದೆ. ಆದರೂ ಅದನ್ನು ಇಡಿಯಾಗಿ ಸುರಿಯಬಾರದು. ಅದರಲ್ಲಿರುವ ಹಳಗನ್ನಡದ ಪದಗಳಿಗೆ ಇಂದಿನ ಟೈಪಿಂಗ್ ತಪ್ಪುಗಳು ಆಕಸ್ಮಿಕವಾಗಿ ಹೊಂದಿಕೊಂಡರೆ ಕೆಂಪು ಗೆರೆ ಬೀಳುವುದೇ ಇಲ್ಲ. ಕನ್ನಡ ವಿಕಿಪೀಡಿಯದ ಪಠ್ಯ ಮುಕ್ತ ಪರವಾನಗಿಯಲ್ಲಿದೆ, ಆದರೆ ಅಲ್ಲಿಯ ತಪ್ಪುಗಳೂ ಜೊತೆಗೇ ಬರುತ್ತವೆ. ತಿದ್ದಿ ಅಚ್ಚಾದ ನಿಮ್ಮದೇ ಬರಹಗಳಿಂದ ಆಯ್ದ ಐದು ಸಾವಿರ ಪದಗಳು, ಕಸ ಸೇರಿದ ಐದು ಲಕ್ಷ ಪದಗಳಿಗಿಂತ ಮೇಲೆಂದು ನನ್ನ ಅನುಭವ.

ಕೊನೆಯದಾಗಿ ಕಟ್ಟುವ ಕೆಲಸ. ‘ಒಎಕ್ಸ್‌ಟಿ’ ವಿಸ್ತರಣೆ ಎಂಬುದು ನಿಜವಾಗಿ ಜಿಪ್ ಕಡತವೇ. ಬೇರೆ ಭಾಷೆಯ ಪದಕೋಶವೊಂದನ್ನು ಬಿಚ್ಚಿ, ಅದರ ಡಿಕ್ ಮತ್ತು ಎಎಫ್‌ಎಫ್ ಕಡತಗಳ ಜಾಗದಲ್ಲಿ ನಿಮ್ಮವನ್ನಿಟ್ಟು, ‘ಡಿಕ್ಷನರೀಸ್.ಎಕ್ಸ್‌ಸಿಯು’ ಕಡತದಲ್ಲಿ ಕಡತಗಳ ಹೆಸರನ್ನೂ ‘ಕೆಎನ್-ಐಎನ್’ ಎಂಬ ಭಾಷಾ ಸಂಕೇತವನ್ನೂ, ‘ಡಿಸ್ಕ್ರಿಪ್ಶನ್.ಎಕ್ಸ್‌ಎಂಎಲ್’ ಕಡತದಲ್ಲಿ ವಿಸ್ತರಣೆಯ ಗುರುತನ್ನೂ ಆವೃತ್ತಿಯನ್ನೂ ಬದಲಿಸಿ, ಮತ್ತೆ ಜಿಪ್ ಮಾಡಬೇಕು. ಜಿಪ್ ಮಾಡುವಾಗ ಹೊರಗಿನ ಫೋಲ್ಡರನ್ನಲ್ಲ, ಒಳಗಿನ ಕಡತಗಳನ್ನು ಆರಿಸಬೇಕು. ನಾನು ಒಂದು ಸಂಜೆಯನ್ನು ಪೂರ್ತಿ ಕಳೆದುಕೊಂಡದ್ದು ಇಲ್ಲಿಯೇ. ಪರವಾನಗಿಯ ಪತ್ರವನ್ನು ಒಳಗಿಡಲು ಮರೆಯಬಾರದು.

ಸೇರಿಸಿದ ಮೇಲೆ ಲಿಬ್ರೆಆಫೀಸನ್ನು ಮುಚ್ಚಿ ತೆರೆದು ಎಫ್7 ಒತ್ತಿ ನೋಡಿ. ‘ಬೇಳೆ’ ಎನ್ನುವಲ್ಲಿ ‘ಬೆಳೆ’ ಎಂದಾಗಿದ್ದರೆ ಅದನ್ನು ಪದಕೋಶ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದಗಳೇ. ನಡುವೆ ಬರುವ ತುಳು ಪಾಡ್ದನದ ಸಾಲುಗಳೆಲ್ಲ ಕೆಂಪಾಗಿ ಕಂಡರೆ ಅಷ್ಟನ್ನು ಮಾತ್ರ ಆಯ್ದು, ಟೂಲ್ಸ್ ಪಟ್ಟಿಯ ಲ್ಯಾಂಗ್ವೇಜ್ ವಿಭಾಗದಲ್ಲಿ ‘ನನ್’ ಎಂದು ಗುರುತಿಸಿದರೆ ಗೆರೆಗಳು ಮಾಯವಾಗುತ್ತವೆ.